ಬ್ಯಾಂಕಿಗೆ ಒಂದು ಪತ್ರ ಬರೆದಿದ್ದರೆ ಸಾಕಿತ್ತಲ್ವಾ? ಸತ್ಯಂ ಲೆಕ್ಕದ ಬಗ್ಗೆ ಒಂದು ಪ್ರಶ್ನೆ

ಕಾಮರ್ಸ್_ಮೇಷ್ಟ್ರು:
ದಾವಣಗೆರೆಯಲ್ಲಿ ಬಿಕಾಂ ಮಕ್ಕಳಿಗೆ ಆಡಿಟಿಂಗ್ ಪಾಠ ಮಾಡುತ್ತೇನೆ. ಈ ವಾರ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ಪ್ರಕರಣ ತೆಗೆದುಕೊಂಡಿದ್ದೆ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡ ಅಂಕಿಗಳು ಇವು. 2008ರ ಸೆಪ್ಟೆಂಬರ್ 30ಕ್ಕೆ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿಯೂ ಸುಳ್ಳು. ಗ್ರಾಹಕರಿಂದ ಬರಬೇಕಾದ ಬಾಕಿಯನ್ನು 490 ಕೋಟಿ ಜಾಸ್ತಿ ತೋರಿಸಿದ್ದರು. ಕೊಡಬೇಕಾದ 1,230 ಕೋಟಿ ಪುಸ್ತಕಕ್ಕೇ ಬಂದಿರಲಿಲ್ಲ.

ಒಬ್ಬಳು ಹುಡುಗಿ ಕೇಳಿದಳು: "ಸರ್, ಬ್ಯಾಂಕಿಗೆ ಒಂದು ಪತ್ರ ಬರೆದಿದ್ದರೆ ಗೊತ್ತಾಗುತ್ತಿತ್ತಲ್ವಾ?" ಆಡಿಟರ್ ಬ್ಯಾಂಕಿನಿಂದ ನೇರವಾಗಿ ಕನ್ಫರ್ಮೇಶನ್, ಅಂದರೆ ಬಾಕಿಯ ದೃಢೀಕರಣ ತರಿಸಬೇಕು, ಆಡಿಟ್ ಮಾನದಂಡ ಎಸ್‌ಎ 505 ಅದನ್ನೇ ಹೇಳುತ್ತದೆ ಅಂದೆ. "ಹಾಗಾದರೆ ತರಿಸಲಿಲ್ವಾ?" ಅಂದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಸರಿಯಾದ ಉತ್ತರ ಇಲ್ಲ. ಫೀಲ್ಡಿನಲ್ಲಿ ಕೆಲಸ ಮಾಡುವವರು ಹೇಳಿ, ಇಷ್ಟು ದೊಡ್ಡದು ಹೇಗೆ ತಪ್ಪಿಹೋಯಿತು? ಇನ್ನೊಂದು, ಹೊರಗೆ ಕೂತ ಸಣ್ಣ ಶೇರುದಾರರಿಗೆ ಇದನ್ನು ಕಂಡುಹಿಡಿಯುವ ದಾರಿ ಏನಾದರೂ ಇತ್ತಾ?

ಸುಮ್ನೆ_ಓದುಗ:
ಆಡಿಟರ್‌ಗೂ ಪಾಲು ಇತ್ತು, ಅಷ್ಟೇ. ಇದರಲ್ಲಿ ಕೇಳೋಕೆ ಏನಿದೆ?

ಹುಬ್ಳಿ_ಆಡಿಟರ್:
ಒಂದೇ ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ ಇದು. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ಉತ್ತರ ಇದೆ. ಸತ್ಯಂ ನ್ಯೂಯಾರ್ಕ್ ಶೇರುಪೇಟೆಯಲ್ಲೂ ಇತ್ತು. ಅದಕ್ಕೇ ಅಮೆರಿಕದ ಶೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ ಕೂಡ ತನಿಖೆ ಮಾಡಿ, 2011ರ ಏಪ್ರಿಲ್‌ನಲ್ಲಿ ಸತ್ಯಂ ಆಡಿಟ್ ಮಾಡುತ್ತಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳಿಗೆ 60 ಲಕ್ಷ ಡಾಲರ್ ದಂಡ ಹಾಕಿತು. ಆಗ ಅದು ಹೇಳಿದ್ದು ಇಷ್ಟು: ಕನ್ಫರ್ಮೇಶನ್ ಪತ್ರ ಕಳಿಸುವುದನ್ನೂ ಉತ್ತರ ತರಿಸಿಕೊಳ್ಳುವುದನ್ನೂ ಆಡಿಟ್ ಸಿಬ್ಬಂದಿ ಕಂಪನಿಯವರ ಕೈಗೇ ಬಿಟ್ಟಿದ್ದರು. ಒಂದು ಸಲ ಅಲ್ಲ, ಅದೇ ರೂಢಿಯಾಗಿತ್ತು.

ಅಂದರೆ ಪತ್ರ ಇತ್ತು. ಉತ್ತರವೂ ಇತ್ತು. ಆದರೆ ಯಾರ ಮೇಲೆ ಅನುಮಾನ ಪಡಬೇಕೋ ಅವರ ಮೇಜಿನ ಮೂಲಕವೇ ಎರಡೂ ಹಾದುಹೋಗಿದ್ದವು. ಸುಳ್ಳು ಎಫ್‌ಡಿ ರಸೀದಿ, ಸುಳ್ಳು ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಹೀಗೇ ಫೈಲ್ ಸೇರಿದವು.

ನನಗೆ ಇಡೀ ಆಡಿಟ್‌ನಲ್ಲಿ ಮುಖ್ಯ ಅನ್ನಿಸುವುದು ಇದೊಂದೇ. ಕಂಪನಿಯೇ ತಯಾರಿಸಿ ಕೊಟ್ಟ ಕಾಗದ ಎಷ್ಟಿದ್ದರೂ ಅದು ಕಂಪನಿಯ ಮಾತು ಮಾತ್ರ. ಕಂಪನಿಯ ಕೈ ಸೋಕದೆ ಹೊರಗಿನಿಂದ ಬಂದ ಒಂದು ಕಾಗದ ಅದಕ್ಕಿಂತ ಹೆಚ್ಚು ತೂಗುತ್ತದೆ.

ಬ್ಯಾಂಕ್_ನಿವೃತ್ತ:
ಶಾಖೆ ಕಡೆಯ ಕಥೆಯನ್ನೂ ಕೇಳಿ. ನಾನು ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದವನು. ಏಪ್ರಿಲ್, ಮೇ ತಿಂಗಳಲ್ಲಿ ಈ ಪತ್ರಗಳು ರಾಶಿ ಬೀಳುತ್ತಿದ್ದವು. ಆಗಲೇ ನಮ್ಮ ಶಾಖೆಗೂ ಆಡಿಟ್ ನಡೆಯುವ ಸಮಯ. ಯಾರಿಗೂ ಪುರುಸೊತ್ತಿಲ್ಲ. ಪತ್ರ ಹೊಸದಾಗಿ ಸೇರಿದ ಕ್ಲರ್ಕ್ ಮೇಜಿಗೆ ಹೋಗುತ್ತಿತ್ತು. ಎಷ್ಟೋ ಸಲ ಕಂಪನಿಯ ಅಕೌಂಟ್ಸ್ ಹುಡುಗ ತಾನೇ ಬಂದು, "ಸರ್, ಅಂಕಿ ನಾವೇ ತುಂಬಿದ್ದೇವೆ, ಸೀಲ್ ಹಾಕಿ ಕೊಟ್ಟುಬಿಡಿ, ನಾನೇ ಆಡಿಟರ್‌ಗೆ ತಲುಪಿಸುತ್ತೇನೆ" ಅನ್ನುತ್ತಿದ್ದ. ಗುರುತಿನ ಪಾರ್ಟಿ, ದಿನಾ ಬರುವವನು, ಇಲ್ಲ ಅನ್ನುವುದು ಹೇಗೆ ಅಂತ ಕೊಟ್ಟುಬಿಡುವವರು ಇದ್ದರು. ಅವರಲ್ಲಿ ಮೋಸದ ಉದ್ದೇಶ ಇರಲಿಲ್ಲ. ಆದರೆ ಬಾಗಿಲು ತೆರೆಯುತ್ತಿದ್ದದ್ದು ಅಲ್ಲೇ.

ಇನ್ನೊಂದು ವಿಷಯ. ಪತ್ರದಲ್ಲಿ ಬಾಕಿ ಎಷ್ಟಿದೆ ಅಂತ ಕೇಳಿದರೆ ಸಾಲದು. ಎಫ್‌ಡಿ ನಿಜವಾಗಿಯೂ ಇರಬಹುದು, ಆದರೆ ಅದರ ಮೇಲೆ ಬೇರೆ ಯಾರದೋ ಸಾಲಕ್ಕೆ ಲೀನ್, ಅಂದರೆ ಬ್ಯಾಂಕಿನ ಹಿಡಿತ, ಹಾಕಿರಬಹುದು. ಆಗ ಆ ಹಣ ಕಂಪನಿ ಕೈಗೆ ಸಿಗುವುದಿಲ್ಲ. ಲೀನ್ ಇದೆಯಾ, ಗ್ಯಾರಂಟಿ ಕೊಟ್ಟಿದ್ದೀರಾ, ಸಾಲ ಎಷ್ಟಿದೆ, ವರ್ಷದಲ್ಲಿ ಮುಚ್ಚಿದ ಖಾತೆ ಯಾವುದು, ಎಲ್ಲವನ್ನೂ ಕೇಳಬೇಕು.

ಆರ್ಟಿಕಲ್_ಹುಡುಗ:
ನಿಜ ಸರ್. ನಾನು ಆರ್ಟಿಕಲ್‌ಶಿಪ್, ಅಂದರೆ ಸಿಎ ಆಗಲು ಬೇಕಾದ ತರಬೇತಿ, ಮಾಡುತ್ತಿದ್ದೇನೆ. ನಮಗೆ ಕೊಡುವುದು ಬರೀ ಟಿಕ್ ಹಾಕುವ ಕೆಲಸ. ಎಫ್‌ಡಿ ರಸೀದಿಯ ಜೆರಾಕ್ಸ್ ತಂದುಕೊಡುತ್ತಾರೆ, ಒರಿಜಿನಲ್ ಕೇಳಿದರೆ ಲಾಕರ್‌ನಲ್ಲಿದೆ ಅನ್ನುತ್ತಾರೆ.

ಪೇಟೆ_ನೋಟ:
ಮೇಷ್ಟ್ರ ಎರಡನೇ ಪ್ರಶ್ನೆಗೆ ಬರುತ್ತೇನೆ. ಹೊರಗಿನವರು ನೋಡಬಹುದಾದ ಮೊದಲ ಜಾಗ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್. ಲಾಭ ವರ್ಷ ವರ್ಷ ಏರುತ್ತಿದೆ, ಆದರೆ ವ್ಯಾಪಾರದಿಂದ ಬಂದ ನಗದು ಏರುತ್ತಿಲ್ಲ ಅಂದರೆ ನಿಲ್ಲಿ. ಎರಡನೆಯದು ಬಡ್ಡಿ ಲೆಕ್ಕ. ವರ್ಷವಿಡೀ ಸರಾಸರಿ 1,000 ಕೋಟಿ ಬ್ಯಾಂಕಿನಲ್ಲಿದೆ ಅನ್ನುವ ಕಂಪನಿ ಬಡ್ಡಿ ಆದಾಯ 20 ಕೋಟಿ ತೋರಿಸಿದರೆ ಅದು 2 ಪರ್ಸೆಂಟ್ ಆಯಿತು. ಎಫ್‌ಡಿಗೆ 7 ಪರ್ಸೆಂಟ್ ಸಿಗುವಾಗ 2 ಪರ್ಸೆಂಟಿಗೆ ಯಾಕೆ ಇಟ್ಟಿದ್ದಾರೆ? ಅಥವಾ ಹಣ ಇದೆಯಾ? ಮೂರನೆಯದು, ಕೈಯಲ್ಲಿ ಅಷ್ಟು ಹಣ ಇದ್ದೂ ಮತ್ತೆ ಸಾಲ ಮಾಡುತ್ತಿದ್ದಾರಾ?

ಹುಬ್ಳಿ_ಆಡಿಟರ್:
ಒಳ್ಳೆಯ ಪರೀಕ್ಷೆಗಳೇ. ಆದರೆ ಸತ್ಯಂನಲ್ಲಿ ಇವು ಕೆಲಸ ಮಾಡುತ್ತಿರಲಿಲ್ಲ, ಯಾಕೆಂದರೆ ಅವರು ಬಡ್ಡಿಯನ್ನೂ ಸುಳ್ಳಾಗಿಯೇ ಸೃಷ್ಟಿಸಿದ್ದರು. 376 ಕೋಟಿ ಇದ್ದದ್ದು ಅದಕ್ಕೇ. ನಗದೇ ಸುಳ್ಳಾದಾಗ ಕ್ಯಾಶ್ ಫ್ಲೋ ಕೂಡ ಚೆನ್ನಾಗಿಯೇ ಕಾಣುತ್ತದೆ. ಲಾಭದ ಪ್ರಮಾಣವನ್ನೂ ನೋಡಿ. ಆ ತ್ರೈಮಾಸಿಕದಲ್ಲಿ ತೋರಿಸಿದ ಆದಾಯ 2,700 ಕೋಟಿ, ಮಾರ್ಜಿನ್ 649 ಕೋಟಿ, ಅಂದರೆ 24 ಪರ್ಸೆಂಟ್. ನಿಜವಾದದ್ದು 2,112 ಕೋಟಿ ಆದಾಯ, 61 ಕೋಟಿ ಮಾರ್ಜಿನ್, 3 ಪರ್ಸೆಂಟ್. ದೊಡ್ಡ ಐಟಿ ಕಂಪನಿಗಳು ಆಗ ಒಳ್ಳೆಯ ಮಾರ್ಜಿನ್ ತೋರಿಸುತ್ತಿದ್ದ ಕಾಲ. 24 ನೋಡಿ ಯಾರೂ ಹುಬ್ಬೇರಿಸಲಿಲ್ಲ. 3 ತೋರಿಸಿದ್ದರೆ ಎಲ್ಲರೂ ಕೇಳುತ್ತಿದ್ದರು.

ಪೇಟೆ_ನೋಟ:
ಒಪ್ಪುತ್ತೇನೆ, ಆದರೆ ಬೇರೆ ಗುರುತುಗಳು ಹೊರಗೇ ಇದ್ದವು. ಪ್ರವರ್ತಕರ ಪಾಲು 2001ರಲ್ಲಿ 25 ಪರ್ಸೆಂಟಿಗೂ ಮೇಲಿತ್ತು, 2008ರ ಮಾರ್ಚ್ ಹೊತ್ತಿಗೆ 9ಕ್ಕಿಂತ ಕೆಳಗೆ ಇಳಿದಿತ್ತು. ಇಷ್ಟು ಚೆನ್ನಾಗಿ ನಡೆಯುವ ಕಂಪನಿಯನ್ನು ಕಟ್ಟಿದವರೇ ಯಾಕೆ ಕೈಬಿಡುತ್ತಾರೆ? ಉಳಿದ ಶೇರುಗಳನ್ನೂ ಅಡ ಇಟ್ಟಿದ್ದರು. ಆಗ ಅಡ ಇಟ್ಟಿದ್ದನ್ನು ಹೇಳಲೇಬೇಕು ಅನ್ನುವ ನಿಯಮ ಇರಲಿಲ್ಲ. ಸತ್ಯಂ ಬಯಲಾದ ಅದೇ ತಿಂಗಳು ನಮ್ಮ ಶೇರುಪೇಟೆ ನಿಯಂತ್ರಣ ಸಂಸ್ಥೆ ಸೆಬಿ ಅದನ್ನು ಕಡ್ಡಾಯ ಮಾಡಿತು. ಈಗ ಯಾವುದೇ ಲಿಸ್ಟೆಡ್ ಕಂಪನಿಯ ಶೇರುದಾರರ ಪಟ್ಟಿ ತೆಗೆದರೆ ಪ್ಲೆಜ್ ಎಷ್ಟು ಅಂತ ಕಾಣುತ್ತದೆ. ದುಡ್ಡು ಹಾಕುವ ಮುಂಚೆ ಅದನ್ನು ನೋಡದೆ ಇರಬೇಡಿ.

ಮತ್ತೆ ಮೇಟಾಸ್. 2008ರ ಡಿಸೆಂಬರ್ 16ರಂದು ರಾಜು ಕುಟುಂಬದ ಎರಡು ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳುತ್ತೇವೆ ಅಂದರು. ಸಾಫ್ಟ್‌ವೇರ್ ಕಂಪನಿಗೆ ರಸ್ತೆ, ಕಟ್ಟಡದ ಕಂಪನಿ ಯಾಕೆ ಅಂತ ಹೂಡಿಕೆದಾರರು ಗಲಾಟೆ ಮಾಡಿದ ಮೇಲೆ ಒಂದು ದಿನ ಕಳೆಯುವ ಮೊದಲೇ ಕೈಬಿಟ್ಟರು. ಇಲ್ಲದ ಆಸ್ತಿಯ ಜಾಗಕ್ಕೆ ಇರುವ ಆಸ್ತಿ ತರುವ ಕೊನೆಯ ಪ್ರಯತ್ನ ಅದು ಅಂತ ರಾಜು ತಮ್ಮ ಪತ್ರದಲ್ಲೇ ಬರೆದಿದ್ದಾರೆ.

ಲೆಡ್ಜರ್_ಅಕ್ಕ:
ಇದು ತುಂಬ ಮುಖ್ಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಇಂಟರ್ನಲ್ ಆಡಿಟ್‌ನಲ್ಲಿದ್ದೇನೆ. ಸುಳ್ಳು ಲಾಭ ಬರೆದರೆ ಡಬಲ್ ಎಂಟ್ರಿ ಪ್ರಕಾರ ಇನ್ನೊಂದು ಬದಿಯಲ್ಲಿ ಏನಾದರೂ ಸುಳ್ಳು ಆಸ್ತಿ ಕೂರಲೇಬೇಕು. ಮೊದಲು ಅದು ಗ್ರಾಹಕರ ಬಾಕಿಯಲ್ಲಿ ಕೂರುತ್ತದೆ. ಬಾಕಿ ಹಳೆಯದಾದಾಗ ಆಡಿಟರ್ ಕೇಳುತ್ತಾರೆ, ಆಗ ವಸೂಲಾಯಿತು ಅಂತ ತೋರಿಸಿ ಬ್ಯಾಂಕಿಗೆ ಸಾಗಿಸುತ್ತಾರೆ. ಬ್ಯಾಂಕಿನಲ್ಲೂ ಬಹಳ ದಿನ ಇಡಲಾಗುವುದಿಲ್ಲ, ಅದನ್ನು ಎಲ್ಲಾದರೂ "ಖರ್ಚು" ಮಾಡಿ ಮುಗಿಸಬೇಕು. ಅದಕ್ಕೆ ಸುಲಭದ ದಾರಿ ಯಾವುದು? ದುಬಾರಿ ಬೆಲೆಗೆ ಇನ್ನೊಂದು ಕಂಪನಿ ಖರೀದಿ. ವರ್ಷಗಟ್ಟಲೆ ಮುಗಿಯದ ಕಟ್ಟಡ ಕಾಮಗಾರಿ. ಜಮೀನಿಗೆ ಕೊಟ್ಟ ಮುಂಗಡ. ಬೇರೆ ದೇಶದ ಉಪಕಂಪನಿಗೆ ಕೊಟ್ಟ ಸಾಲ.

ಹಾಗಾಗಿ ಬ್ಯಾಲೆನ್ಸ್ ಶೀಟ್ ಓದುವಾಗ ಈ ಮುಂಗಡ, ಕಾಮಗಾರಿ, ಗುಡ್‌ವಿಲ್ (ಕೊಂಡ ಕಂಪನಿಯ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ) ಸಾಲುಗಳನ್ನು ಐದು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಬೆಳೆಯುತ್ತಲೇ ಇದ್ದು ಯಾವತ್ತೂ ಕಟ್ಟಡವಾಗಿ, ಯಂತ್ರವಾಗಿ ಕಾಣದಿದ್ದರೆ ಅಲ್ಲಿ ಪ್ರಶ್ನೆ ಇದೆ.

ಸುಮ್ನೆ_ಓದುಗ:
13,000 ಸುಳ್ಳು ನೌಕರರೂ ಇದ್ದರಂತಲ್ಲ, ಅವರ ಸಂಬಳ ರಾಜು ತೆಗೆದುಕೊಳ್ಳುತ್ತಿದ್ದರು ಅಂತ ಪೇಪರಲ್ಲಿ ಬಂದಿತ್ತು.

ವಕೀಲ_ಮೈಸೂರು:
ಅದು ಆರಂಭದಲ್ಲಿ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದ ಮಾತು. ರಾಜು ಪತ್ರದಲ್ಲಿ ಅದು ಇಲ್ಲ. ಕೇಸಿನ ತಿರುಳು ಸುಳ್ಳು ಇನ್‌ವಾಯ್ಸ್, 7,000ಕ್ಕೂ ಜಾಸ್ತಿ ಇದ್ದವು ಅಂತ ಸಿಬಿಐ ಹೇಳಿತು. ಹೈದರಾಬಾದಿನ ವಿಶೇಷ ಕೋರ್ಟ್ 2015ರ ಏಪ್ರಿಲ್ 9ರಂದು ಹತ್ತೂ ಆರೋಪಿಗಳಿಗೆ ಶಿಕ್ಷೆ ವಿಧಿಸಿತು, ರಾಜುಗೆ 7 ವರ್ಷ. ಮುಂದಿನ ತಿಂಗಳೇ ಮೇಲಿನ ಕೋರ್ಟ್ ಶಿಕ್ಷೆ ಅಮಾನತ್ತಿನಲ್ಲಿಟ್ಟು ಜಾಮೀನು ಕೊಟ್ಟಿತು.

ಲೆಡ್ಜರ್_ಅಕ್ಕ:
ಇನ್‌ವಾಯ್ಸ್ ವಿಷಯ ಬಂದಿದ್ದು ಒಳ್ಳೆಯದಾಯಿತು. ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸೂಪರ್ ಯೂಸರ್ ಅನ್ನುವ ಲಾಗಿನ್ ಇತ್ತು. ಅದರಿಂದ ಹಾಕಿದ ಇನ್‌ವಾಯ್ಸ್‌ಗೆ ಬಚ್ಚಿಡುವ ಗುರುತು ಕೊಟ್ಟರೆ, ಆ ಪ್ರಾಜೆಕ್ಟ್ ನಡೆಸುವವರ ಸ್ಕ್ರೀನಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಹಣಕಾಸು ವಿಭಾಗದ ಮೊತ್ತಕ್ಕೆ ಮಾತ್ರ ಸೇರುತ್ತಿತ್ತು. ಪ್ರಾಜೆಕ್ಟ್ ಮ್ಯಾನೇಜರ್‌ಗೆ ತನ್ನ ಗ್ರಾಹಕನ ಹೆಸರಲ್ಲಿ ಬಿಲ್ ಆಗಿದ್ದು ಗೊತ್ತಿಲ್ಲ! ಪ್ರಾಜೆಕ್ಟ್ ವಿಭಾಗದ ಮೊತ್ತವನ್ನೂ ಅಕೌಂಟ್ಸ್ ಮೊತ್ತವನ್ನೂ ಯಾರಾದರೂ ಎದುರುಬದುರು ಇಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

2023ರ ಏಪ್ರಿಲ್ 1ರಿಂದ ಬಂದ ಆಡಿಟ್ ಟ್ರೇಲ್ ನಿಯಮ ಇದಕ್ಕೇ ಬೇಕಿತ್ತು ಅನ್ನುತ್ತೇನೆ. ಕಂಪನಿ ಬಳಸುವ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ಎಂಟ್ರಿ, ಪ್ರತಿ ತಿದ್ದುಪಡಿ ಯಾವಾಗ ಆಯಿತು ಅನ್ನುವುದು ದಾಖಲಾಗಬೇಕು, ಅದನ್ನು ಆಫ್ ಮಾಡಲು ಆಗಬಾರದು. ಆಡಿಟರ್ ತಮ್ಮ ವರದಿಯಲ್ಲಿ ಅದರ ಬಗ್ಗೆ ಬರೆಯಲೇಬೇಕು.

ಆರ್ಟಿಕಲ್_ಹುಡುಗ:
ಅಕ್ಕ, ಟ್ಯಾಲಿಯಲ್ಲಿ ಎಡಿಟ್ ಲಾಗ್ ಇದೆ, ಆದರೆ ಹಿಂದಿನ ಡೇಟಾಬೇಸಿಗೇ ಕೈಹಾಕಿದರೆ? ಎಷ್ಟೋ ಆಡಿಟ್ ವರದಿಯಲ್ಲಿ "ಡೇಟಾಬೇಸ್ ಹಂತದಲ್ಲಿ ಟ್ರೇಲ್ ಇರಲಿಲ್ಲ" ಅಂತ ಬರೆದಿರುತ್ತಾರೆ.

ಲೆಡ್ಜರ್_ಅಕ್ಕ:
ಸರಿಯಾಗಿ ಹಿಡಿದಿದ್ದೀಯ. ಆ ಸಾಲು ಕಂಡರೆ ಓದಿ ಬಿಟ್ಟುಬಿಡಬಾರದು. ಡೇಟಾಬೇಸಿನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಕೇಳಬೇಕು. ಫೈನಾನ್ಸ್ ಮುಖ್ಯಸ್ಥರ ಹತ್ತಿರವೇ ಇದ್ದರೆ ಅದು ಅಪಾಯ. ಇನ್ನೂ ಕೆಲವು ನಾನು ಯಾವಾಗಲೂ ತೆಗೆಸುವ ಪಟ್ಟಿಗಳು: ಮಾರ್ಚ್ 31ರ ರಾತ್ರಿ ಕೈಯಲ್ಲಿ ಹಾಕಿದ ಜರ್ನಲ್ ಎಂಟ್ರಿಗಳು, ವಿವರಣೆ ಖಾಲಿ ಇರುವ ಎಂಟ್ರಿಗಳು, ಸಾಮಾನ್ಯವಾಗಿ ಎಂಟ್ರಿ ಹಾಕದ ದೊಡ್ಡ ಅಧಿಕಾರಿ ಲಾಗಿನ್‌ನಿಂದ ಬಂದವು, ಮಾರ್ಚ್‌ನಲ್ಲಿ ಮಾರಿ ಏಪ್ರಿಲ್‌ನಲ್ಲಿ ವಾಪಸ್ ಬಂದ ಸರಕು. ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಮಾರ್ಚ್‌ಗೇ ನಿಲ್ಲಿಸಬೇಡ, ಏಪ್ರಿಲ್ ಮೊದಲ ವಾರದ್ದೂ ತೆಗೆಸು. 31ಕ್ಕೆ ಬಂದ ಹಣ 2ನೇ ತಾರೀಖು ವಾಪಸ್ ಹೋಗಿದ್ದು ಅಲ್ಲಿ ಕಾಣುತ್ತದೆ.

ಪೇಟೆ_ನೋಟ:
ಇದೆಲ್ಲ ನಮ್ಮ ದೇಶದ ಹಣೆಬರಹ. ಹೊರದೇಶದಲ್ಲಿ ಇಷ್ಟು ಸಡಿಲ ಇರುವುದಿಲ್ಲ.

ಫ್ರಾಂಕ್‌ಫರ್ಟ್_ಕನ್ನಡಿಗ:
ದಯವಿಟ್ಟು ಹಾಗೆ ಹೇಳಬೇಡಿ. ನಾನಿರುವ ಜರ್ಮನಿಯಲ್ಲೇ ಹಣ ಪಾವತಿ ಕಂಪನಿ ವೈರ್‌ಕಾರ್ಡ್‌ನ ಹಗರಣ ಆಯಿತು. 2020ರ ಜೂನ್‌ನಲ್ಲಿ 190 ಕೋಟಿ ಯೂರೋ ಕಾಣುತ್ತಿಲ್ಲ ಅಂತ ಗೊತ್ತಾಯಿತು. ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕಿನಲ್ಲಿದೆ ಅಂದಿದ್ದರು, ಆ ಬ್ಯಾಂಕುಗಳು ಈ ಕಂಪನಿ ನಮ್ಮ ಗ್ರಾಹಕನೇ ಅಲ್ಲ, ಕಾಗದಗಳು ನಕಲಿ ಅಂದವು. ಅದಕ್ಕೆ ಮೊದಲು ಹಣ ಸಿಂಗಪುರದ ಬ್ಯಾಂಕಿನಲ್ಲಿದೆ ಅಂದಿದ್ದಾಗ ಆಡಿಟ್ ಸಂಸ್ಥೆ ವರ್ಷಗಟ್ಟಲೆ ಆ ಬ್ಯಾಂಕನ್ನು ನೇರವಾಗಿ ಕೇಳಿರಲಿಲ್ಲ, ಮಧ್ಯದವರು ಕೊಟ್ಟ ಕಾಗದ ಒಪ್ಪಿಕೊಂಡಿತ್ತು ಅಂತ ಫೈನಾನ್ಷಿಯಲ್ ಟೈಮ್ಸ್ ವರದಿ ಮಾಡಿತು. ಇನ್ನೂ ಬೇಜಾರಿನ ವಿಷಯ ಏನೆಂದರೆ, 2019ರಲ್ಲಿ ಅದೇ ಪತ್ರಿಕೆ ಅನುಮಾನ ಎತ್ತಿದಾಗ ಇಲ್ಲಿನ ನಿಯಂತ್ರಣ ಸಂಸ್ಥೆ ಬಾಫಿನ್ ಕಂಪನಿಯನ್ನು ಪ್ರಶ್ನಿಸುವ ಬದಲು ಪತ್ರಕರ್ತರ ಮೇಲೆಯೇ ದೂರು ಕೊಟ್ಟಿತು.

ಇಟಲಿಯ ಹಾಲಿನ ಕಂಪನಿ ಪಾರ್ಮಲಾಟ್ ಕೂಡ ಅದೇ. 2003ರ ಡಿಸೆಂಬರ್‌ನಲ್ಲಿ, ಕೇಮನ್ ದ್ವೀಪದ ಉಪಕಂಪನಿಯ ಖಾತೆಯಲ್ಲಿ 395 ಕೋಟಿ ಯೂರೋ ಇದೆ ಅನ್ನುವ ಪತ್ರ ನಮ್ಮದಲ್ಲ ಅಂತ ಬ್ಯಾಂಕ್ ಆಫ್ ಅಮೆರಿಕ ಹೇಳಿತು. 2003, 2009, 2020. ಮೂರೂ ಕಡೆ ಬ್ಯಾಂಕ್ ಬಾಕಿ, ಮೂರೂ ಕಡೆ ನಕಲಿ ಕಾಗದ.

ಮಲೆನಾಡಿಗ:
ನಗದು ಸುಳ್ಳಾಗಿದ್ದ ಕಥೆ ಆಯಿತು. ಹಣ ಇದ್ದೂ ಬೇರೆ ಕಡೆ ಹರಿದುಹೋಗುವ ಕಥೆಯೂ ಇದೆ, ಅದು ನಮ್ಮ ಚಿಕ್ಕಮಗಳೂರಿಗೇ ತಾಗಿದ್ದು. ಕಾಫಿ ಡೇ. ತೀರಿಹೋದವರ ಬಗ್ಗೆ ಮಾತು ಬೇಡ, ಅವರಿಂದ ನಮ್ಮ ಕಡೆ ಎಷ್ಟೋ ಮನೆಗೆ ಅನ್ನ ಸಿಕ್ಕಿದೆ. ಲೆಕ್ಕ ಮಾತ್ರ ಹೇಳುತ್ತೇನೆ. 2020ರ ಜುಲೈನಲ್ಲಿ ಹೊರಬಂದ ತನಿಖಾ ವರದಿಯ ಪ್ರಕಾರ ಉಪಕಂಪನಿಗಳಿಂದ ಪ್ರವರ್ತಕರ ಖಾಸಗಿ ಕಂಪನಿ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿ ಬಾಕಿ ಉಳಿದದ್ದು 3,535 ಕೋಟಿ. 2019ರ ಮಾರ್ಚ್ 31ರ ಲೆಕ್ಕದಲ್ಲಿ ಕಂಡದ್ದು 842 ಕೋಟಿ. ಉಳಿದ 2,693 ಕೋಟಿ ಹೆಚ್ಚುವರಿ. 2023ರ ಜನವರಿಯಲ್ಲಿ ಸೆಬಿ ಕಂಪನಿಗೆ 26 ಕೋಟಿ ದಂಡ ವಿಧಿಸಿತು. ನನ್ನ ಪ್ರಶ್ನೆ, ಶೇರು ಕೊಂಡ ಬೆಳೆಗಾರರಿಗೆ ಇದು ಮೊದಲೇ ಕಾಣುವಂತಿತ್ತಾ?

ಹುಬ್ಳಿ_ಆಡಿಟರ್:
ಪೂರ್ತಿ ಕಾಣುತ್ತಿರಲಿಲ್ಲ. ಆದರೆ ಇಂಥ ಕಡೆ ಹುಡುಕಬೇಕಾದ ಜಾಗ ಒಂದಿದೆ: ರಿಲೇಟೆಡ್ ಪಾರ್ಟಿ ಟಿಪ್ಪಣಿ. ವಾರ್ಷಿಕ ವರದಿಯ ಕೊನೆ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಪ್ರವರ್ತಕರ ಖಾಸಗಿ ಕಂಪನಿಗೆ ಸಾಲ, ಮುಂಗಡ, ಠೇವಣಿ ಎಷ್ಟು ಹೋಗಿದೆ, ಹಿಂದಿನ ವರ್ಷ ಎಷ್ಟಿತ್ತು ಅಂತ ಎರಡು ಕಾಲಂ ಇರುತ್ತದೆ. ಇನ್ನೊಂದು ಉಪಾಯ: ಆ ಖಾಸಗಿ ಕಂಪನಿಯೂ ತನ್ನ ಲೆಕ್ಕವನ್ನು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಲೇಬೇಕು. ಸಣ್ಣ ಶುಲ್ಕ ಕಟ್ಟಿದರೆ ಎಂಸಿಎ ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಇಲ್ಲಿ ಕೊಟ್ಟದ್ದು, ಅಲ್ಲಿ ಪಡೆದದ್ದು ಎರಡೂ ತಾಳೆಯಾಗಬೇಕು. ಪೇಟೆಯಲ್ಲಿ ಲಕ್ಷಗಟ್ಟಲೆ ಹಾಕುವವರು ಈ ಸಣ್ಣ ಶುಲ್ಕಕ್ಕೆ ಹಿಂದೆಮುಂದೆ ನೋಡುತ್ತಾರೆ, ನನಗೆ ಇದು ಅರ್ಥವಾಗುವುದಿಲ್ಲ.

ಡೇಟಾ_ದೀಪ:
ಇಷ್ಟು ಕೈಕೆಲಸ ಯಾಕೆ? ಬೆನೀಶ್ ಎಂ-ಸ್ಕೋರ್ ಅಂತ ಇದೆ. ಬೆನೀಶ್ ಅನ್ನುವ ಅಕೌಂಟಿಂಗ್ ಪ್ರೊಫೆಸರ್ ರೂಪಿಸಿದ ಸೂತ್ರ, ಎಂಟು ಅನುಪಾತ ಹಾಕಿದರೆ ಒಂದು ಅಂಕಿ ಬರುತ್ತದೆ. ಮೈನಸ್ 1.78ಕ್ಕಿಂತ ಮೇಲೆ ಇದ್ದರೆ ಲೆಕ್ಕ ತಿದ್ದಿರುವ ಸಾಧ್ಯತೆ ಜಾಸ್ತಿ. ಅಮೆರಿಕದ ಇಂಧನ ಕಂಪನಿ ಎನ್ರಾನ್ ಮುಳುಗಿದ್ದು 2001ರಲ್ಲಿ, ಆದರೆ 1998ರಲ್ಲೇ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಮಾದರಿ ಬಳಸಿ ಎನ್ರಾನ್ ಲೆಕ್ಕದ ಮೇಲೆ ಅನುಮಾನ ಎತ್ತಿದ್ದರು. ಬೆನ್‌ಫರ್ಡ್ ನಿಯಮವೂ ಇದೆ. ಸಹಜವಾದ ಅಂಕಿಗಳ ರಾಶಿಯಲ್ಲಿ 1ರಿಂದ ಶುರುವಾಗುವವು 30 ಪರ್ಸೆಂಟ್ ಆಸುಪಾಸು, 9ರಿಂದ ಶುರುವಾಗುವವು 5ಕ್ಕಿಂತ ಕಡಿಮೆ. ಮನುಷ್ಯರು ಕೂತು ಅಂಕಿ ಹುಟ್ಟಿಸಿದರೆ ಈ ಹಂಚಿಕೆ ಕೆಡುತ್ತದೆ.

ಪೇಟೆ_ನೋಟ:
ಎಂ-ಸ್ಕೋರ್ ನಾನೂ ಹಾಕುತ್ತೇನೆ, ಆದರೆ ವೇಗವಾಗಿ ಬೆಳೆಯುವ ಒಳ್ಳೆಯ ಕಂಪನಿಯೂ ಅದರಲ್ಲಿ ಕೆಂಪಾಗಿ ಬರುತ್ತದೆ. ಬ್ಯಾಂಕ್, ಫೈನಾನ್ಸ್ ಕಂಪನಿಗೆ ಅದು ಹೊಂದುವುದೇ ಇಲ್ಲ. ಅನುಮಾನ ಹುಟ್ಟಿಸಲು ಸರಿ, ತೀರ್ಪಿಗೆ ಸಾಲದು.

ಲೆಡ್ಜರ್_ಅಕ್ಕ:
ಬೆನ್‌ಫರ್ಡ್‌ಗೆ ಸಾವಿರಾರು ವೋಚರ್ ಇರುವ ಒಳಗಿನ ಡೇಟಾ ಬೇಕು. ಪ್ರಕಟವಾದ ಬ್ಯಾಲೆನ್ಸ್ ಶೀಟಿನ ನಲವತ್ತು ಅಂಕಿ ಇಟ್ಟುಕೊಂಡು ಮಾಡಿದರೆ ಏನೂ ಸಿಗುವುದಿಲ್ಲ.

ಮತ್ತೆ ಇಷ್ಟೆಲ್ಲ ಸೂತ್ರ ಹೇಳುವಾಗ ಒಂದು ಮರೆಯುತ್ತಿದ್ದೇವೆ. ಮೋಸಗಳ ಬಗ್ಗೆ ಜಗತ್ತಿನಾದ್ಯಂತ ಮಾಹಿತಿ ಸೇರಿಸುವ ಎಸಿಎಫ್‌ಇ ಸಂಸ್ಥೆಯ 2024ರ ವರದಿ ನೋಡಿ. ಸಿಕ್ಕಿಬಿದ್ದ ಮೋಸಗಳಲ್ಲಿ 43 ಪರ್ಸೆಂಟ್ ಬಯಲಾಗಿದ್ದು ಯಾರೋ ಕೊಟ್ಟ ಸುಳಿವಿನಿಂದ. ಹೊರಗಿನ ಆಡಿಟ್‌ನಿಂದ ಸಿಕ್ಕಿದ್ದು 3 ಪರ್ಸೆಂಟ್. ಸುಳಿವು ಕೊಟ್ಟವರಲ್ಲಿ ಅರ್ಧಕ್ಕೂ ಜಾಸ್ತಿ ಆ ಸಂಸ್ಥೆಯ ನೌಕರರೇ. ಅಮೆರಿಕದ ಟೆಲಿಕಾಂ ಕಂಪನಿ ವರ್ಲ್ಡ್‌ಕಾಮ್ ಅನ್ನು 2002ರಲ್ಲಿ ಹಿಡಿದದ್ದು ಒಳಗಿನ ಆಡಿಟ್ ಮುಖ್ಯಸ್ಥೆ ಸಿಂಥಿಯಾ ಕೂಪರ್. ದಿನನಿತ್ಯದ ಖರ್ಚನ್ನು ಆಸ್ತಿ ಅಂತ ಬರೆದು 380 ಕೋಟಿ ಡಾಲರ್ ಮುಚ್ಚಿಟ್ಟಿದ್ದರು, ಆಕೆಯ ತಂಡ ಯಾರಿಗೂ ಹೇಳದೆ ರಾತ್ರಿ ಹೊತ್ತು ಕೂತು ಹುಡುಕಿತು. ಸತ್ಯಂನಲ್ಲೂ ಪತ್ರ ಬರುವ ಮುಂಚೆ, ಡಿಸೆಂಬರ್‌ನಲ್ಲೇ ಒಬ್ಬ ನಿರ್ದೇಶಕರಿಗೆ ಹೆಸರು ಮರೆಸಿಕೊಂಡ ಒಂದು ಇ-ಮೇಲ್ ಹೋಗಿತ್ತು.

ಸುಮ್ನೆ_ಓದುಗ:
ಸುಳಿವು ಕೊಟ್ಟವರ ಕೆಲಸ ಹೋಗುತ್ತದೆ ಅಷ್ಟೇ. ನಮ್ಮ ಹಳೆಯ ಆಫೀಸಿನಲ್ಲಿ ಸುಳ್ಳು ಬಿಲ್ ಬಗ್ಗೆ ದೂರು ಕೊಟ್ಟ ಹುಡುಗನನ್ನು ಎರಡೇ ತಿಂಗಳಲ್ಲಿ ಬೇರೆ ಊರಿಗೆ ಹಾಕಿದರು. ದೂರು ಹೋಗುವ ಇ-ಮೇಲ್ ನೋಡುತ್ತಿದ್ದವರು ಯಾರ ಮೇಲೆ ದೂರೋ ಅವರ ಕೈಕೆಳಗಿನವರೇ.

ವಕೀಲ_ಮೈಸೂರು:
ನಿಮ್ಮ ಸಿಟ್ಟು ನ್ಯಾಯವಾದದ್ದು. ಕಾನೂನಿನಲ್ಲಿ ಏನಿದೆ ಅಂತ ಹೇಳುತ್ತೇನೆ. 2013ರ ಕಂಪನಿ ಕಾಯ್ದೆ 177ನೇ ಸೆಕ್ಷನ್ ಪ್ರಕಾರ ಲಿಸ್ಟೆಡ್ ಕಂಪನಿ, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿ, ಬ್ಯಾಂಕಿನಿಂದ 50 ಕೋಟಿಗೂ ಜಾಸ್ತಿ ಸಾಲ ಮಾಡಿದ ಕಂಪನಿ, ಇವೆಲ್ಲ ದೂರು ಕೊಡುವ ವ್ಯವಸ್ಥೆ ಇಡಲೇಬೇಕು. ದೂರು ಕೊಟ್ಟವರಿಗೆ ತೊಂದರೆ ಆಗದಂತೆ ನೋಡಿಕೊಳ್ಳಬೇಕು, ಅಗತ್ಯ ಬಿದ್ದರೆ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ಸಂಪರ್ಕಿಸಲು ಬಿಡಬೇಕು. ಆ ಅಧ್ಯಕ್ಷರ ಇ-ಮೇಲ್ ನೌಕರರಿಗೆ ಗೊತ್ತಿರಬೇಕು, ಫೈನಾನ್ಸ್ ವಿಭಾಗದ್ದಲ್ಲ.

ಆಡಿಟರ್ ಮೇಲೂ ಹೊಣೆ ಇದೆ. 143(12) ಪ್ರಕಾರ ಅಧಿಕಾರಿಗಳು, ನೌಕರರು ಸೇರಿ 1 ಕೋಟಿ ಅಥವಾ ಅದಕ್ಕೂ ಜಾಸ್ತಿ ಮೋಸ ಮಾಡಿದ್ದಾರೆ ಅನ್ನಿಸಿದರೆ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಮೊದಲು ಬೋರ್ಡಿಗೆ ಅಥವಾ ಆಡಿಟ್ ಸಮಿತಿಗೆ ತಿಳಿಸಿ 45 ದಿನದೊಳಗೆ ಉತ್ತರ ಕೇಳಬೇಕು. 447ನೇ ಸೆಕ್ಷನ್‌ನಲ್ಲಿ ದೊಡ್ಡ ಮೋಸಕ್ಕೆ 10 ವರ್ಷದವರೆಗೆ ಜೈಲು.

ಪೇಟೆ_ನೋಟ:
ಕಾನೂನು ಇದೆ ಸರಿ. ಸತ್ಯಂ ಆಡಿಟ್ ಸಂಸ್ಥೆಗೆ ಕೊನೆಗೆ ಏನಾಯಿತು? 2018ರ ಜನವರಿಯಲ್ಲಿ ಸೆಬಿ 2 ವರ್ಷ ನಿಷೇಧ ಹಾಕಿತು, 2019ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತೆಗೆದುಹಾಕಿತು. ಶೇರು ಮಾತ್ರ ಒಂದೇ ದಿನದಲ್ಲಿ 179 ರೂಪಾಯಿಂದ 40ರ ಹತ್ತಿರ ಬಿತ್ತು, ಅದನ್ನು ಹೊತ್ತುಕೊಂಡವರು ನಾವು.

ಹುಬ್ಳಿ_ಆಡಿಟರ್:
ಆ ನೋವು ಗೊತ್ತು. ಅದಕ್ಕೇ 2018ರ ಅಕ್ಟೋಬರ್‌ನಲ್ಲಿ ಎನ್‌ಎಫ್‌ಆರ್‌ಎ ಬಂತು. ದೊಡ್ಡ ಕಂಪನಿಗಳ ಆಡಿಟರ್ ತಪ್ಪು ಮಾಡಿದರೆ ಈಗ ವಿಚಾರಣೆ ಮಾಡುವುದು ನಮ್ಮದೇ ವೃತ್ತಿಯವರ ಸಂಸ್ಥೆ ಅಲ್ಲ, ಹೊರಗಿನ ಸಂಸ್ಥೆ. ನನ್ನ ವೃತ್ತಿಬಾಂಧವರು ಕೆಲವರು ಇದನ್ನು ಇಷ್ಟಪಡುವುದಿಲ್ಲ, ನಾನು ಸ್ವಾಗತಿಸುತ್ತೇನೆ. ಆದರೆ 10 ವರ್ಷಕ್ಕೊಮ್ಮೆ ಆಡಿಟ್ ಸಂಸ್ಥೆ ಬದಲಾಯಿಸುವ ನಿಯಮದ ಮೇಲೆ ನನಗೆ ದೊಡ್ಡ ನಂಬಿಕೆ ಇಲ್ಲ. ಸತ್ಯಂ ಲೆಕ್ಕವನ್ನು ಅದೇ ಸಂಸ್ಥೆ ನೋಡಿದ್ದು 2000ದಿಂದ 2008ರವರೆಗೆ. 10 ವರ್ಷ ತುಂಬುವ ಮೊದಲೇ ಎಲ್ಲ ಮುಗಿದಿತ್ತು.

ಮಲೆನಾಡಿಗ:
ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ನಮ್ಮ ಅಣ್ಣ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸದಸ್ಯರು. ಎಫ್‌ಡಿ ಇದೆ ಅನ್ನುತ್ತಾರೆ, ಯಾರೂ ನೋಡಿಲ್ಲ. ಅಲ್ಲಿಗೂ ಇದೇ ದಾರಿಯಾ?

ಬ್ಯಾಂಕ್_ನಿವೃತ್ತ:
ಹೌದು. ಸದಸ್ಯರ ಸಭೆಯಲ್ಲಿ ಠರಾವು ಮಾಡಿ, ಖಜಾಂಚಿ ಅಲ್ಲದ ಇಬ್ಬರು ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತರಲಿ. ಅಥವಾ ಅಸೋಸಿಯೇಷನ್ ಪಾನ್ ಮೇಲೆ ಆದಾಯ ತೆರಿಗೆ ಪೋರ್ಟಲ್ ತೆರೆದು ಅಲ್ಲಿರುವ ಬಡ್ಡಿ, ಟಿಡಿಎಸ್ ವಿವರ ನೋಡಿ. ಬಡ್ಡಿ ಎಷ್ಟು ಕೊಟ್ಟೆವು ಅಂತ ಬ್ಯಾಂಕೇ ಸರ್ಕಾರಕ್ಕೆ ತಿಳಿಸಿರುತ್ತದೆ. ಖಜಾಂಚಿ ಅದನ್ನು ತಿದ್ದಲಾರ.

ಡೇಟಾ_ದೀಪ:
ಅದು ದೊಡ್ಡ ಕಂಪನಿಗೂ ಆಗುತ್ತದಲ್ವಾ? ಜಿಎಸ್‌ಟಿ ಕೂಡ. 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ಮೀರಿದವರೆಲ್ಲ ಬೇರೆ ವ್ಯಾಪಾರಿಗಳಿಗೆ ಹಾಕುವ ಬಿಲ್ ಅನ್ನು ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಸುಳ್ಳು ಬಿಲ್ ಹಾಕಿದರೆ ತೆರಿಗೆ ಕಟ್ಟಬೇಕು.

ಹುಬ್ಳಿ_ಆಡಿಟರ್:
ಆಗುತ್ತದೆ. ನಾವು ಈಗ ಮಾಡುವುದೂ ಅದೇ. ಆದರೆ ಮೂರು ಕಂಪನಿ ಸೇರಿ ಒಂದೇ ಸರಕಿನ ಬಿಲ್ ಅನ್ನು ಸುತ್ತು ಹೊಡೆಸಿದರೆ ತೆರಿಗೆಯೂ ಸರಿದೂಗುತ್ತದೆ, ಪೋರ್ಟಲಿನಲ್ಲೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಗ ಲಾರಿ ಬಾಡಿಗೆ, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್, ಗೋದಾಮಿನ ಗೇಟ್ ಪುಸ್ತಕ ನೋಡಬೇಕು. ಸರಕು ನಿಜವಾಗಿ ಓಡಾಡಿದ್ದರೆ ಡೀಸೆಲ್ ಸುಟ್ಟಿರಲೇಬೇಕು.

ಶೇರುದಾರರಿಗೆ ಇನ್ನೊಂದು: ಆಡಿಟ್ ವರದಿಯ ಜೊತೆ ಬರುವ ಕಾರೋ ಅನುಬಂಧ ಓದಿ. ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಸ್ಟಾಕ್ ಲೆಕ್ಕ ಪುಸ್ತಕಕ್ಕೆ ತಾಳೆಯಾಗುತ್ತದಾ, ದೂರುಗಳು ಬಂದಿದ್ದವಾ, ಹಿಂದಿನ ಆಡಿಟರ್ ರಾಜೀನಾಮೆ ಕೊಟ್ಟಿದ್ದರಾ ಅನ್ನುವುದೆಲ್ಲ ಅಲ್ಲಿರುತ್ತದೆ. ಫಲಿತಾಂಶಕ್ಕೆ ಕೆಲವೇ ದಿನ ಇರುವಾಗ ಆಡಿಟರ್ ಬಿಟ್ಟುಹೋದರೆ ಅದಕ್ಕಿಂತ ದೊಡ್ಡ ಗಂಟೆ ಇಲ್ಲ. 2018ರ ಮೇ ತಿಂಗಳಲ್ಲಿ ಮನ್‌ಪಸಂದ್ ಬೆವರೇಜಸ್‌ನಲ್ಲಿ ಹಾಗೇ ಆಯಿತು.

ಆರ್ಟಿಕಲ್_ಹುಡುಗ:
ಸರ್, ಒಂದು ಕೇಳಲಾ? ಕ್ಲೈಂಟ್ ಆಫೀಸಿನ ಮ್ಯಾನೇಜರ್ "ಕನ್ಫರ್ಮೇಶನ್ ಲೆಟರ್ ನಮಗೆ ಕೊಡಪ್ಪ, ನಮ್ಮ ಹುಡುಗ ಬ್ಯಾಂಕಿಗೆ ಹೋಗುತ್ತಿದ್ದಾನೆ, ಕೊಟ್ಟು ಬರುತ್ತಾನೆ" ಅಂದರೆ ನನ್ನಂಥವನು ಏನು ಮಾಡಬೇಕು? ಅವರು ವಯಸ್ಸಿನಲ್ಲಿ ದೊಡ್ಡವರು, ಊಟ ಕೂಡ ಅವರೇ ಹಾಕಿಸುತ್ತಾರೆ.

ಹುಬ್ಳಿ_ಆಡಿಟರ್:
ಗೌರವದಿಂದಲೇ ಇಲ್ಲ ಅನ್ನು. "ಸರ್, ನಮ್ಮ ಆಫೀಸಿನ ನಿಯಮ, ನಾನೇ ಕಳಿಸಬೇಕು" ಅಂತ ಹೇಳು. ಅವರ ಸಹಿ ಬೇಕು, ಯಾಕೆಂದರೆ ಖಾತೆದಾರರು ಒಪ್ಪಿಗೆ ಕೊಡದೆ ಬ್ಯಾಂಕ್ ವಿವರ ಕೊಡುವುದಿಲ್ಲ. ಸಹಿ ಆದ ಮೇಲೆ ಪತ್ರ ನಿನ್ನ ಕೈ ಬಿಟ್ಟು ಹೋಗಬಾರದು. ಬ್ಯಾಂಕಿನ ವಿಳಾಸವನ್ನು ಕಂಪನಿ ಕೊಟ್ಟ ಪಟ್ಟಿಯಿಂದ ತೆಗೆದುಕೊಳ್ಳಬೇಡ, ಬ್ಯಾಂಕಿನದೇ ವೆಬ್‌ಸೈಟಿನಿಂದ ತೆಗೆದುಕೋ. ಉತ್ತರದ ವಿಳಾಸ ನಮ್ಮ ಆಡಿಟ್ ಆಫೀಸಿನದ್ದಿರಲಿ. ಇ-ಮೇಲ್‌ನಲ್ಲಿ ಬಂದರೆ ಕಳಿಸಿದ ವಿಳಾಸದ ಒಂದೊಂದು ಅಕ್ಷರ ನೋಡು. ಅವರು ಒಪ್ಪದೇ ಹೋದರೆ ಜಗಳ ಬೇಡ, ಅದೇ ದಿನ ವರ್ಕಿಂಗ್ ಪೇಪರಿನಲ್ಲಿ, ಅಂದರೆ ನಮ್ಮ ಆಡಿಟ್ ದಾಖಲೆಯಲ್ಲಿ, ತಾರೀಖು ಹಾಕಿ ಬರೆದು ನಿನ್ನ ಪಾರ್ಟ್‌ನರ್‌ಗೆ ತೋರಿಸು. ಮುಂದಿನದು ಅವರ ಜವಾಬ್ದಾರಿ.

ಬ್ಯಾಂಕ್_ನಿವೃತ್ತ:
ಮತ್ತೆ ಶಾಖೆಯಿಂದ ಉತ್ತರ ಬರುವುದು ತಡವಾದರೆ ಕಂಪನಿಯವರ ಹತ್ತಿರ ಫೋನ್ ಮಾಡಿಸಬೇಡಪ್ಪ, ನೀನೇ ಮಾಡು. ಮ್ಯಾನೇಜರ್ ರೇಗಬಹುದು. ರೇಗಲಿ, ಆಮೇಲೆ ಕಳಿಸುತ್ತಾರೆ.